ಸಡಿಲ ಎಳೆಯಿಲ್ಲದ ಸಾಕ್ಷಿ

"ಇಲ್ಲಿ ಒತ್ತಿ, ಅತ್ತೆ. ಒತ್ತಿ ಹಿಡ್ಕೊಂಡೇ ಎಳೀರಿ. ಹೆದರ್ಬೇಡಿ, ಹರಿಯಲ್ಲ."

ದೆಸಾಂಕಾ ಒತ್ತಿ ಹಿಡಿದು ಎಳೆದಳು. ಗೋಡೆಗೆ ಹಾಕಿದ್ದ ದೊಡ್ಡ ಪರದೆಯ ಮೇಲೆ ಒಂದು ಹಳದಿ ಕಾರ್ಡು ಜಾಗ ಬಿಟ್ಟು ಬಲಕ್ಕೆ ಸರಿಯಿತು. ಅದರ ಹಿಂದೆಯೇ ನೀಲಿ, ಹಸಿರು, ಕೆಂಪು ಎಳೆಗಳು ತಾಯಿಬಾತಿನ ಹಿಂದೆ ಹೊರಟ ಮರಿಗಳಂತೆ ಬಳುಕುತ್ತ ಸರಿದವು. ಒಂದೂ ಕಡಿಯಲಿಲ್ಲ, ಒಂದೂ ಗಂಟುಬೀಳಲಿಲ್ಲ.

"ನೋಡಿ, ನೀವು ದೃಶ್ಯ ಮಾತ್ರ ಸರಿಸಿದ್ದು. ಅದರೊಳಗಿನ ಮನುಷ್ಯರು, ಸಾಮಾನು ಎಲ್ಲ ತಾವಾಗೇ ಜೊತೆಗೆ ಹೋದವು. ನಾವು ಮರೆತರೂ ಇದು ಮರೆಯಲ್ಲ."

ಸೆನ್ಕಾಳ ದನಿಯಲ್ಲಿ ಹೆಮ್ಮೆಯಿತ್ತು. ಟಿವಿ ಧಾರಾವಾಹಿ ಬರೆಯುವ ತಂಡದ ಹಿರಿಯ ತಿಹೋಮಿರ್ ಮೇಷ್ಟ್ರನ್ನು ಇದೇ ಕಟ್ಟಡದ ಮೆಟ್ಟಿಲಿಂದ ತಳ್ಳಿದವಳು ನೀನೇ ಎಂದು ನಾಳೆ ಈ ಹುಡುಗಿಯನ್ನು ಪ್ರಾಸಿಕ್ಯೂಟರ್ ಮುಂದೆ ನಿಲ್ಲಿಸುವವರಿದ್ದರು. ಮೇಷ್ಟ್ರು ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ತೆರೆದಿರಲಿಲ್ಲ. ನಾಳೆಯೊಳಗೆ ದೆಸಾಂಕಾ ನಿಜವನ್ನು ತೆರೆದು ತೋರಿಸದಿದ್ದರೆ, ಸೆನ್ಕಾ ಇನ್ನು ಬರೆಯುವುದು ಜೈಲಿನಿಂದ ಮನೆಗೆ ಪತ್ರಗಳನ್ನು ಮಾತ್ರ.

ಸಾಕ್ಷ್ಯವೆಲ್ಲ ಅವಳ ಕಡೆಗೇ ಬೆರಳು ತೋರುತ್ತಿತ್ತು. 'ಒಂಬತ್ತನೇ ದೋಣಿ' ಧಾರಾವಾಹಿ ಶುರುವಾಯಿತೆಂದರೆ ಭಾನುವಾರ ಸಂಜೆ ಬೆಲ್‌ಗ್ರೇಡಿನ ಬೀದಿಗಳಲ್ಲಿ ಟ್ರಾಮುಗಳು ಖಾಲಿ ಓಡುತ್ತಿದ್ದವು. ಕೊಲೆಗಾರ ಯಾರೆಂದು ಮೇಷ್ಟ್ರಿಗೊಬ್ಬರಿಗೇ ಗೊತ್ತು ಎಂಬ ಮಾತಿತ್ತು. ಆದರೆ ಈ ಬೇಸಿಗೆಯಿಂದ ಕಥೆಯ ಗುಟ್ಟುಗಳು ಒಂದೊಂದಾಗಿ ಗಾಳಿಸುದ್ದಿಯ ಪತ್ರಿಕೆಯೊಂದರಲ್ಲಿ ಬರತೊಡಗಿದ್ದವು. ಮೇಷ್ಟ್ರು ಬಿದ್ದ ಮರುದಿನ ಬೆಳಿಗ್ಗೆ ಕೊನೆಯ ಗುಟ್ಟೂ ಅಚ್ಚಾಗಿ ಬಂತು: ಕೊಲೆ ಮಾಡಿದವಳು ಅಂಬಿಗನ ಹೆಂಡತಿ. ಪೊಲೀಸರು ಹುಡುಕಿದಾಗ, ಅದೇ ಕೊನೆಯನ್ನು ಹಿಂದಿನ ಸಂಜೆಯಷ್ಟೇ ಸೆನ್ಕಾಳ ಯಂತ್ರದಿಂದ ಕಥೆ ಹೆಣೆಯುವ ಈ ಬೋರ್ಡಿಗೆ ಸೇರಿಸಿದ್ದು ಸಿಕ್ಕಿತು. ಮೇಷ್ಟ್ರಿಗೆ ಗೊತ್ತಿಲ್ಲದೆ ಕೊನೆ ತಿರುಚಿದಳು, ಮಾರಿದಳು, ಸಿಕ್ಕಿಬಿದ್ದಳು, ತಳ್ಳಿದಳು. ಕೇಳಿದವರಿಗೆಲ್ಲ ಸರಿ ಎನ್ನಿಸುವ ಕಥೆ.

ದೆಸಾಂಕಾಗೆ ಮಾತ್ರ ಸರಿ ಎನ್ನಿಸಿರಲಿಲ್ಲ. ಪೊಲೀಸ್ ಇಲಾಖೆಯಿಂದ ನಿವೃತ್ತಳಾದ ಮೇಲೆ ಅವಳು ಈ ಧಾರಾವಾಹಿಗೆ ಸಲಹೆಗಾರ್ತಿಯಾಗಿದ್ದಳು. ಬೆರಳಚ್ಚು ಹಾಗೆ ತೆಗೆಯುವುದಿಲ್ಲ, ಹೆಣದ ಮುಂದೆ ಯಾರೂ ಅಷ್ಟು ಭಾಷಣ ಮಾಡುವುದಿಲ್ಲ ಎಂದು ತಿದ್ದುವುದು ಅವಳ ಕೆಲಸ. ಬರೆಯುವ ಹುಡುಗ ಹುಡುಗಿಯರೆಲ್ಲ ಅವಳನ್ನು ಅತ್ತೆ ಎನ್ನುತ್ತಿದ್ದರು. ಸೆನ್ಕಾ ಅವಳ ಅಡುಗೆಮನೆಯಲ್ಲಿ ಕೂತು ಊಟ ಮಾಡಿದ ಹುಡುಗಿ, ಮಗಳು ಇಸ್ಕ್ರಾಗೆ ಗಣಿತ ಹೇಳಿಕೊಟ್ಟವಳು.

ಸಾಕ್ಷಿಗಳ ಹೇಳಿಕೆಗಳನ್ನೆಲ್ಲ ಓದಿ ಓದಿ ತಲೆ ಕೆಟ್ಟು, ಇವತ್ತು ಬೆಳಿಗ್ಗೆ ದೆಸಾಂಕಾಗೇ ಒಂದು ಯೋಚನೆ ಹೊಳೆದಿತ್ತು. ಕಟ್ಟುಕಥೆಯನ್ನು ಹೆಣೆಯುವ ಯಂತ್ರಕ್ಕೆ ನಿಜವಾದ ಸಂಜೆಯನ್ನು ಕೊಟ್ಟರೆ ಏನು ಹೇಳೀತು?

ಆ ತಂತ್ರಾಂಶಕ್ಕೆ ಕ್ಲುಪ್ಕೊ ಎಂದು ಹೆಸರು. ಸೆರ್ಬಿಯನ್ ಮಾತಿನಲ್ಲಿ ನೂಲಿನ ಉಂಡೆ ಎಂದರ್ಥ. ಮೊದಲಿಗೆ ಮೇಷ್ಟ್ರು ಅದನ್ನು ಹತ್ತಿರ ಸೇರಿಸಿರಲಿಲ್ಲವಂತೆ. ಗೋಡೆ ತುಂಬ ಕಾಗದದ ಚೀಟಿ ಚುಚ್ಚಿ, ಕಿಟಕಿ ತೆಗೆದಾಗಲೆಲ್ಲ ಅರ್ಧ ಕಥೆ ಸಾವಾ ನದಿಯ ಗಾಳಿಗೆ ಹಾರಿಹೋಗುತ್ತಿದ್ದ ಕಾಲ ಅದು. ಒಂದು ಚಳಿಗಾಲ ಸೊಂಟ ಉಳುಕಿ ಮಲಗಿದ್ದಾಗ ಬೇಸರಕ್ಕೆ ಕಲಿತರು. ಎದ್ದು ಬಂದಾಗ ಬೇರೆಯೇ ಮನುಷ್ಯ. ಮಾತು ಒಂದನ್ನೂ ಬರೆಯಕೂಡದು, ಮೊದಲು ಎಳೆಗಳು ನಿಲ್ಲಲಿ ಎನ್ನುವರು. ಪ್ರತಿ ಕಾರ್ಡಿನಲ್ಲೂ ಯಾರಿಗೆ ಏನು ಬೇಕು, ಅಡ್ಡ ಬರುವವರು ಯಾರು, ದೃಶ್ಯ ಮುಗಿದಾಗ ಏನು ಬದಲಾಯಿತು ಎಂಬುದಿರಬೇಕು. ಏನೂ ಬದಲಾಗದ ದೃಶ್ಯವನ್ನು ಅವರು ಉಪ್ಪಿಲ್ಲದ ಹುರುಳಿ ಎನ್ನುತ್ತಿದ್ದರು.

ದೆಸಾಂಕಾ ಇಷ್ಟು ದಿನ ಮನೆಯ ಕಂಪ್ಯೂಟರಿನಲ್ಲಿ ಬೋರ್ಡನ್ನು ಓದಿದ್ದಳೇ ಹೊರತು ಕೈಯಾಡಿಸಿರಲಿಲ್ಲ. ಈಗ ಕೈಯಾಡಿಸಿದಾಗ ಬೆರಗಾದಳು. ಒಬ್ಬೊಬ್ಬ ಮನುಷ್ಯನಿಗೆ ಒಂದು ಬಣ್ಣದ ಎಳೆ. ಸಾಮಾನಿಗೂ ಎಳೆ ಉಂಟು; ಕೊಡೆಗೆ, ಕೀಲಿಗೆ, ಹರಿದ ಕೋಟಿಗೆ. ಎಲ್ಲಿಂದಲೂ ಬಾರದ ಚಾಕು ಮೇಜಿನ ಮೇಲೆ ಇದ್ದರೆ ಅದರ ಎಳೆ ಬೂದುಬಣ್ಣಕ್ಕೆ ತಿರುಗಿ, ಎಲ್ಲಿಂದ ಬಂತು ಇದು ಎಂದು ಕೇಳುತ್ತದೆ. ಬಂದ ಸಾಮಾನಿಗೆ ಮುಂದೆ ಕೆಲಸವೇ ಇಲ್ಲದಿದ್ದರೆ ಎಳೆಯ ತುದಿ ಕಾರ್ಡಿನ ಕೆಳಗೆ ಜೋತುಬೀಳುತ್ತದೆ. ಬರೆಯುವವರು ಅದನ್ನು ಬಾಲ ಎನ್ನುತ್ತಾರೆ. ಬಾಲ ಕಂಡರೆ ಒಂದೋ ಕಟ್ಟಬೇಕು, ಇಲ್ಲ ಕತ್ತರಿಸಬೇಕು.

ಜೀವಮಾನವೆಲ್ಲ ಫೈಲುಗಳನ್ನು ನೆಲದ ಮೇಲೆ ಹರಡಿಕೊಂಡು ಮೊಣಕಾಲಲ್ಲಿ ತೆವಳಿದವಳಿಗೆ ಹೊಟ್ಟೆಕಿಚ್ಚೇ ಆಯಿತು. ಇಂಥದ್ದೊಂದು ಆಗ ಇದ್ದಿದ್ದರೆ ಎಷ್ಟು ಸಂಜೆ ಮಗಳ ಜೊತೆ ಊಟಕ್ಕೆ ಕೂರಬಹುದಿತ್ತು ಎಂದುಕೊಂಡಳು.

"ಮೊದಲು ನಿನ್ನ ಸಂಜೆ ಹಾಕು," ಎಂದಳು.

ಸೆನ್ಕಾ ಪೊಲೀಸರಿಗೆ ಹೇಳಿದ್ದನ್ನೇ ಹಾಕಿದಳು. ಎಲ್ಲರೂ ಹೋದ ಮೇಲೆ ಅವಳೂ ಮೇಷ್ಟ್ರೂ ಕೆಲಸ ಮಾಡುತ್ತಿದ್ದರು. ಹಸಿವೆಂದು ಅವರು ಅವಳನ್ನು ಬುರೆಕ್ ಎಂಬ ಪದರಪದರದ ತಿಂಡಿ ತರಲು ಕಳಿಸಿದರು. ಮೂಲೆಯ ಬೇಕರಿಯಲ್ಲಿ ಮಾಂಸದ್ದು ಮುಗಿದಿತ್ತು, ಚೀಸಿನದು ತಂದಳು. ದಾರಿಯಲ್ಲಿ ಒಬ್ಬ ಅಜ್ಜಿ ಅವಳನ್ನು ಯಾರೋ ಎಂದು ತಿಳಿದು ಸೊಸೆಯ ಮೇಲೆ ದೂರು ಹೇಳಿದಳು. ಬಾಗಿಲಲ್ಲಿ ಬೆಕ್ಕು ಕೂತಿತ್ತು. ಒಂದು ಕೈಗವುಸು ಎಲ್ಲೋ ಬಿದ್ದುಹೋಯಿತು. ಒಳಗೆ ಬಂದಾಗ ಮೇಷ್ಟ್ರು ಮೆಟ್ಟಿಲ ಬುಡದಲ್ಲಿದ್ದರು.

ಪರದೆಯ ಮೇಲೆ ಆ ಸಂಜೆ ಬಾಚದ ತಲೆಯ ಹಾಗೆ ಕಂಡಿತು. ಎಲ್ಲೆಲ್ಲೂ ಬಾಲ. ಅಜ್ಜಿಯ ಬಾಲ, ಬೆಕ್ಕಿನ ಬಾಲ, ಕೈಗವುಸಿನ ಬಾಲ. ಸೆನ್ಕಾ ನಾಚಿಕೊಂಡು, ಮೇಷ್ಟ್ರು ನೋಡಿದ್ದರೆ ನನ್ನ ಕಿವಿ ಹಿಂಡುತ್ತಿದ್ದರು ಎಂದಳು.

"ಇರ್ಲಿ ಬಿಡು ಮಗಾ. ಈಗ ವುಕಾನನದು ಹಾಕು."

ವುಕಾನ್ ಬರಹಗಾರರಲ್ಲಿ ಸೆನ್ಕಾಗಿಂತ ಹಿರಿಯ, ಮೇಷ್ಟ್ರಿಗೆ ಬಲಗೈ. ಅವನ ಹೇಳಿಕೆಯನ್ನು ದೆಸಾಂಕಾ ಕಾಗದದಿಂದ ಓದಿ ಹೇಳಿದಳು, ಸೆನ್ಕಾ ಒಂದೊಂದಾಗಿ ಕಾರ್ಡು ಮಾಡಿದಳು. ಆ ದಿನ ಅವನು ಬೇಗ ಹೊರಟು, ಕಲೆನಿಚ್ ಸಂತೆಯಲ್ಲಿ ಚಳಿಗಾಲಕ್ಕೆ ಕೂಡಿಡುವ ಆಯ್ವಾರ್ ಚಟ್ನಿ ಮಾಡಲು ಕೆಂಪು ದೊಣ್ಣೆಮೆಣಸಿನಕಾಯಿ ಕೊಂಡ. ಮನೆಯ ಮೆಟ್ಟಿಲಲ್ಲಿ ಚೀಲ ಹರಿದು ಕಾಯಿಗಳು ಉರುಳಿದವು. ಸದ್ದಿಗೆ ನೆರೆಮನೆಯ ಪೆರ್ಸಾ ಅಜ್ಜಿ ಬಾಗಿಲು ತೆಗೆದು, ತುಂಬಿಕೊಳ್ಳಲು ಬಕೆಟ್ ಕೊಟ್ಟಳು. ಬಾಲ್ಕನಿಯಲ್ಲಿ ಕಾಯಿ ಸುಟ್ಟು, ಸುಲಿದು, ಅರೆದು, ಜಾಡಿಗೆ ತುಂಬಿ, ಕತ್ತಲಾಗುವ ಹೊತ್ತಿಗೆ ಬಕೆಟ್ ಹಿಂದಿರುಗಿಸಿದ. ಅದೇ ಹೊತ್ತಿನಲ್ಲಿ ಇಲ್ಲಿ ಮೇಷ್ಟ್ರು ಬಿದ್ದದ್ದು. ಬಕೆಟ್ ಕೊಟ್ಟದ್ದು ಹೌದು, ವಾಪಸು ಬಂದದ್ದೂ ಹೌದು ಎಂದು ಪೆರ್ಸಾ ಅಜ್ಜಿ ಫೋನಿನಲ್ಲಿ ಹೇಳಿದ್ದಳು. ಯಾವ ದಿನ ಎಂದು ಅವಳನ್ನು ಯಾರೂ ಕೇಳಿದ ಹಾಗಿರಲಿಲ್ಲ.

ಕೊನೆಯ ಕಾರ್ಡು ಕೂತಿತು.

ಎಷ್ಟು ಚೆಂದವಿತ್ತು ಅದು. ಚೀಲದ ಎಳೆ ಹರಿದಲ್ಲಿಂದ ಅಜ್ಜಿಯ ಎಳೆ ಹುಟ್ಟಿತು, ಅಜ್ಜಿಯಿಂದ ಬಕೆಟ್, ಬಕೆಟ್ ತಿರುಗಿ ಅಜ್ಜಿಯ ಬಾಗಿಲಿಗೆ. ಒಂದು ಬಾಲವೂ ಇಲ್ಲ. ಒಳ್ಳೆ ಕೈ ಹೆಣೆದ ಮಗುವಿನ ಟೋಪಿಯಂತೆ ಎಲ್ಲ ತುದಿಯೂ ಒಳಗೆ ಸೇರಿತ್ತು.

ದೆಸಾಂಕಾ ಕುರ್ಚಿಗೆ ಒರಗಿದಳು. ಸಾಕ್ಷಿಗಳನ್ನು ಕೇಳಿ ಕೇಳಿ ಅವಳ ಕಿವಿ ಹಣ್ಣಾಗಿತ್ತು. ನಿಜ ಹೇಳುವವರು ಕಥೆಗೆ ಬೇಡದ ಬೆಕ್ಕನ್ನು ತರುತ್ತಾರೆ. ಸೊಸೆಯನ್ನು ಬೈಯುವ ಅಜ್ಜಿಯನ್ನು ತರುತ್ತಾರೆ. ಬದುಕಿಗೆ ಬಾಲ ಕತ್ತರಿಸುವ ಅಭ್ಯಾಸವಿಲ್ಲ. ಇಲ್ಲಿ ಚೀಲ ಹರಿದದ್ದೇ ಅಜ್ಜಿ ಬಾಗಿಲು ತೆಗೆಯಲಿ ಎಂದು. ಬಕೆಟ್ ಬಂದದ್ದೇ ಹಿಂದಿರುಗಲಿ ಎಂದು. ಚಿತ್ರಕಥೆ ಬರೆಯುವವನಲ್ಲದೆ ಬೇರೆ ಯಾರೂ ಇಷ್ಟು ಚೊಕ್ಕಟವಾಗಿ ಸುಳ್ಳು ಹೇಳಲಾರರು.

ಸೆನ್ಕಾ ಪರದೆಯನ್ನೇ ನೋಡುತ್ತಿದ್ದಳು. ಅವಳ ಮುಖ ಯಾಕೋ ಬಿಳಿಚಿತ್ತು.

ಬಾಗಿಲು ತೆರೆದು ನಿರ್ಮಾಪಕಿ ಗ್ರೋಜ್ದಾನಾ ತಲೆ ಹಾಕಿದಳು. ಗೋಡೆಯನ್ನೂ ಇವರಿಬ್ಬರನ್ನೂ ನೋಡಿ, ಪೊಲೀಸ್ ಕೆಲಸ ಸಾಲದೆಂದು ಈಗ ಕಥೆಗಾರ್ತಿಯೂ ಆದಿರೋ ಎಂದು ದೆಸಾಂಕಾಳನ್ನು ಕೆಣಕಿದಳು. ಸಂಜೆಯೊಳಗೆ ಈ ಹುಡುಗಿ ಕೋಣೆ ಖಾಲಿ ಮಾಡಬೇಕು, ಮಾತು ಕೊಟ್ಟದ್ದು ಅಷ್ಟೇ ಹೊತ್ತಿಗೆ ಎಂದು ನೆನಪಿಸಿದಳು. ಹೋಗುವ ಮುನ್ನ ಮೂಗರಳಿಸಿ ನಿಂತಳು.

"ಇದೇನು ಮೆಣಸಿನಕಾಯಿ ವಾಸನೆ?"

"ನನ್ನ ಕೈದು," ಎಂದಳು ದೆಸಾಂಕಾ. "ಆಯ್ವಾರ್ ಕಾಲ ಅಲ್ವಾ. ಎಷ್ಟು ತೊಳೆದರೂ ಹೋಗಲ್ಲ."

ಹೇಳುತ್ತಿದ್ದಂತೆಯೇ ಅವಳ ಕಣ್ಣು ಮತ್ತೆ ಪರದೆಯ ಮೇಲೆ ಹೋಯಿತು. ಜಾಡಿಯ ಕಾರ್ಡಿನ ಮೇಲೆ ನಿಂತಿತು. ನಿಂತೇ ಇತ್ತು.

ಆಮೇಲೆ ಅವಳು ಎದ್ದು ಕೋಟು ಹಾಕಿಕೊಂಡಳು.

*

ವುಕಾನ್ ಕೆಳಗಿನ ಕಾಫಿ ಅಂಗಡಿಯಲ್ಲಿ ಕಿಟಕಿ ಪಕ್ಕ ಕೂತಿದ್ದ. ಮುಂದೆ ತಾಮ್ರದ ಪಾತ್ರೆಯಲ್ಲಿ ಕಾಫಿ ತಣ್ಣಗಾಗಿತ್ತು. ಗಡ್ಡ ಬೆಳೆದಿತ್ತು, ಕಣ್ಣ ಕೆಳಗೆ ಕಪ್ಪು. ಅವಳನ್ನು ಕಂಡು ಎದ್ದು ಕುರ್ಚಿ ಎಳೆದುಕೊಟ್ಟ. ಮೇಷ್ಟ್ರು ಹೇಗಿದ್ದಾರೆಂದು ಕೇಳಿದ. ಹಾಗೇ ಇದ್ದಾರೆಂದು ಅವಳು ಹೇಳಿದಾಗ ತಲೆ ತಗ್ಗಿಸಿದ. ಅದು ನಟನೆಯಂತೆ ಕಾಣಲಿಲ್ಲ.

ದೆಸಾಂಕಾ ಕಾಫಿಗೆ ಹೇಳಿದಳು. ಮಗಳ ಶಾಲೆಯ ಮಾತಾಡಿದಳು, ಚಳಿಯ ಮಾತಾಡಿದಳು. ಸಂತೆಯಲ್ಲಿ ಈ ಸಲ ಒಳ್ಳೆ ಕಾಯಿಗೆ ಬೆಳಿಗ್ಗೆಯೇ ಹೋಗಿ ಸಾಲು ನಿಲ್ಲಬೇಕು, ಮಧ್ಯಾಹ್ನದ ಮೇಲೆ ಹೋದರೆ ಮೆತ್ತಗಾದವು ಸಿಗುತ್ತವೆ ಎಂದಳು. ಅವನು ಹೌದೌದು ಎಂದ.

"ನಿನ್ನ ಹತ್ರ ಒಂದು ಕೇಳ್ಬೇಕಿತ್ತು ಮಗಾ," ಎಂದಳು. "ನನ್ನ ಆಯ್ವಾರ್ ಈ ಸಲ ನೀರುನೀರಾಗಿದೆ. ನೀನು ಎಷ್ಟು ಹೊತ್ತು ಸೋರೋಕೆ ಬಿಟ್ಟೆ?"

"ಸೋರೋಕೆ?"

"ಸುಲಿದ ಮೇಲೆ."

ಅವನು ಕಾಫಿ ಪಾತ್ರೆಯನ್ನು ತಿರುಗಿಸಿದ. "ಸಾಮಾನ್ಯವಾಗಿ ಎಷ್ಟು ಬಿಡ್ತಾರೋ ಅಷ್ಟೇ."

"ಬಿಸಿ ಇದ್ದಾಗ್ಲೇ ಸುಲಿದ್ಯಾ?"

"ಹೂಂ. ಸುಟ್ಟೆ, ಸುಲಿದೆ, ಅರೆದೆ, ತುಂಬಿದೆ. ಅದರಲ್ಲಿ ಏನಿದೆ ಅತ್ತೆ?"

ದೆಸಾಂಕಾ ಬೆರಳುಗಳನ್ನು ಮೇಜಿನ ಮೇಲೆ ಚಾಚಿದಳು. ಉಗುರ ಸಂದಿಯಲ್ಲಿ ಕೆಂಪು, ಹೆಬ್ಬೆರಳ ತುದಿಯಲ್ಲಿ ಸುಟ್ಟ ಗುಳ್ಳೆ.

ಅವಳು ಮೆಲ್ಲಗೆ, ಮಗುವಿಗೆ ಪಾಠ ಹೇಳುವಂತೆ ಹೇಳಿದಳು. ಸುಟ್ಟ ಕಾಯಿಯನ್ನು ಮುಚ್ಚಿದ ಪಾತ್ರೆಯಲ್ಲಿ ಬೆವರಲು ಬಿಡಬೇಕು, ಇಲ್ಲದಿದ್ದರೆ ಸಿಪ್ಪೆ ಬಿಡುವುದಿಲ್ಲ. ಸುಲಿದದ್ದನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಬೇಕು, ರಾತ್ರಿಯೆಲ್ಲ ಹನಿ ಹನಿಯಾಗಿ ನೀರಿಳಿಯಬೇಕು. ಅರೆದು, ಎಣ್ಣೆ ಹಾಕಿ, ಕೈ ಸೋಲುವವರೆಗೆ ಕದಡುತ್ತ ನಿಲ್ಲಬೇಕು. ಆಮೇಲೆ ಜಾಡಿ. ಸಂಜೆ ಕೊಂಡ ಕಾಯಿ ಅದೇ ಸಂಜೆ ಜಾಡಿ ಸೇರುವ ಆಯ್ವಾರ್ ಸೆರ್ಬಿಯಾದ ಯಾವ ಅಡುಗೆಮನೆಯಲ್ಲೂ ಹುಟ್ಟಿಲ್ಲ.

"ಹುಟ್ಟಿದಾಗಿನಿಂದ ಅಮ್ಮನ ಜಾಡಿ ನೆಕ್ಕಿದ್ದೀಯ," ಎಂದಳು. "ಒಂದು ದಿನ ಒಲೆ ಮುಂದೆ ನಿಂತು ಕದಡಿದ್ರೆ ಈ ತಪ್ಪು ಮಾಡ್ತಿರ್ಲಿಲ್ಲ."

ವುಕಾನನ ಕಿವಿ ಕೆಂಪಾಯಿತು. ಬರೆಯುವವನಿಗೆ ಸುಳ್ಳು ಸಿಕ್ಕಿಬಿದ್ದದ್ದಕ್ಕಿಂತ ತಪ್ಪು ಸಿಕ್ಕಿಬಿದ್ದದ್ದೇ ಹೆಚ್ಚು ಉರಿಯುತ್ತದೇನೋ. ತಾನು ನೋಡಿದ್ದೇನೆ, ಸುಡುವುದೂ ಜಾಡಿಗೆ ತುಂಬುವುದೂ ಒಂದೇ ಸಂಜೆ ನಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂದುಬಿಟ್ಟ.

"ಎಲ್ಲಿ ಕಂಡೆ?"

ಅವನು ಕಿಟಕಿಯ ಕಡೆ ತಿರುಗಿದ. ಹೊರಗೆ ಟ್ರಾಮೊಂದು ಕಿರುಗುಟ್ಟುತ್ತ ತಿರುವಿನಲ್ಲಿ ಹೋಯಿತು.

"ವುಕಾನ್, ಆ ಹುಡುಗಿ ನಾಳೆ ಜೈಲಿಗೆ ಹೋಗ್ತಾಳೆ. ನಿನ್ನ ಬಕೆಟ್ಟು ಚೀಲ ಎಲ್ಲ ಚೆನ್ನಾಗಿದೆ, ಮೆಚ್ಕೊಂಡೆ. ಮೇಷ್ಟ್ರ ಹೆಸರು ಉಳಿಸ್ತೀಯ. ಆದ್ರೆ ಆ ಸಂಜೆ ನೀನು ಮನೇಲಿರ್ಲಿಲ್ಲ. ಮೆಟ್ಟಿಲ ಮೇಲಿದ್ದದ್ದು ನೀನೇನಾ?"

"ಅಲ್ಲ." ಅವನ ದನಿ ಸಣ್ಣಗಿತ್ತು. "ನಾನು ಈ ದೋರ್ಚೊಲ್ ಕೇರೀಲೇ ಇರ್ಲಿಲ್ಲ. ಇದ್ದಿದ್ರೆ ಅವರು ಬೀಳ್ತಿರ್ಲಿಲ್ಲ."

"ಮತ್ತೆ ಈ ಕಥೆ ಯಾಕೆ ಬರ್ದೆ?"

ಅವನು ಅವಳನ್ನು ಬಹಳ ಹೊತ್ತು ನೋಡಿದ. ಅದು ಸಿಕ್ಕಿಬಿದ್ದವನ ನೋಟವಲ್ಲ. ಎದುರಿಗಿರುವವರನ್ನು ತೂಗಿ ನೋಡುವ ನೋಟ. ಅಂಥ ನೋಟವನ್ನು ದೆಸಾಂಕಾ ಬೇರೆಯವರ ಮೇಲೆ ಎಷ್ಟೋ ಸಲ ಹರಿಸಿದ್ದಳು. ತನ್ನ ಮೇಲೆ ಹರಿದದ್ದು ಇದೇ ಮೊದಲು.

"ಜಾಡಿ ಮಾತ್ರ ನಂದು ಅತ್ತೆ," ಎಂದ. "ಜಾಡಿ ಬೇಡ, ಬಕೆಟ್ಟಿಗೇ ಮುಗಿಸು ಅಂದಿದ್ಲು. ನಾನು ಕೇಳ್ಲಿಲ್ಲ."

"ಯಾರು ಅಂದಿದ್ದು?"

"ಉಳಿದದ್ದೆಲ್ಲ ಸೆನ್ಕಾ ಬರ್ದುಕೊಟ್ಟದ್ದು. ನಮ್ಮೆಲ್ಲರಿಗಿಂತ ಚೆನ್ನಾಗಿ ಹೆಣೆಯೋಳು ಅವಳೇ ಅಲ್ವಾ."

ಅಷ್ಟು ಹೇಳಿ ಅವನು ಎದ್ದ. ಮಿಕ್ಕದ್ದನ್ನು ಅವಳನ್ನೇ ಕೇಳಿ, ನನ್ನ ಬಾಯಿಂದ ಬರುವುದಿಲ್ಲ ಎಂದು ಕೋಟು ಹೆಗಲಿಗೆ ಹಾಕಿ ಹೊರಟುಹೋದ.

*

ದೆಸಾಂಕಾ ಮೆಟ್ಟಿಲು ಹತ್ತಿದಳು. ಮೇಷ್ಟ್ರು ಬಿದ್ದ ಮೆಟ್ಟಿಲು ಅದೇ. ಯಾರೋ ಕಲ್ಲನ್ನು ಉಜ್ಜಿ ಉಜ್ಜಿ ತೊಳೆದಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವಳಲ್ಲ ಅವಳು. ಆದರೂ ತನ್ನ ಮನೆಯ ರೊಟ್ಟಿ ಮುರಿದು ತಿಂದ ಹುಡುಗಿ, ಬೆಳಗಿನಿಂದ ಪಕ್ಕದಲ್ಲೇ ಕೂತು, ತಾನೇ ಹೆಣೆದ ಸುಳ್ಳನ್ನು ಹೊಸದೆಂಬಂತೆ ಕಾರ್ಡು ಕಾರ್ಡಾಗಿ ಹಾಕಿದ್ದಳು.

ಕೋಣೆಯಲ್ಲಿ ಸೆನ್ಕಾ ತನ್ನ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು. ದೆಸಾಂಕಾಳ ಮುಖ ನೋಡಿ ನಿಲ್ಲಿಸಿದಳು.

"ಜಾಡಿ ಬೇಡ ಅಂದಿದ್ದೆ," ಎಂದಳು.

ದೆಸಾಂಕಾ ಬಾಗಿಲು ಮುಚ್ಚಿದಳು. ಕೂರಲಿಲ್ಲ. ಬೈಯಲೂ ಇಲ್ಲ. ಮಗಳು ಸುಳ್ಳು ಹೇಳಿದಾಗ ನಿಲ್ಲುವಂತೆ ಸುಮ್ಮನೆ ನಿಂತಳು. ಆ ಮೌನಕ್ಕೆ ಇಸ್ಕ್ರಾ ಯಾವತ್ತೂ ಹೆಚ್ಚು ಹೊತ್ತು ತಡೆದವಳಲ್ಲ.

ಸೆನ್ಕಾಳೂ ತಡೆಯಲಿಲ್ಲ.

"ನನ್ನ ಸಂಜೇಲಿ ಸುಳ್ಳಿಲ್ಲ ಅತ್ತೆ. ಬೆಕ್ಕು, ಅಜ್ಜಿ, ಬುರೆಕ್ಕು ಎಲ್ಲ ನಿಜ. ಒಂದು ಕಾರ್ಡು ಇಡ್ಲಿಲ್ಲ, ಅಷ್ಟೆ."

"ಇಡು."

ಹುಡುಗಿ ಪರದೆಯ ಮುಂದೆ ಹೋದಳು. ಹೊಸ ಕಾರ್ಡೊಂದನ್ನು ತೆರೆದಳು. ಆ ಗೋಡೆಯ ಮುಂದೆ ನಿಂತಾಗ ಅವಳಿಗೆ ಬೇರೆಯೇ ಬಲ ಬರುತ್ತಿತ್ತು.

ಅಂಬಿಗನ ಹೆಂಡತಿಯ ಕೊನೆಯನ್ನು ಹೆಣೆದವರು ಮೇಷ್ಟ್ರೇ. ತಾವು ಪಕ್ಕದಲ್ಲಿ ನಿಂತು ಹೇಳುತ್ತ, ಸೆನ್ಕಾಳ ಕೈಯಲ್ಲಿ ಹಾಕಿಸಿದ್ದರು. ಅದು ನಿಜವಾದ ಕೊನೆಯಲ್ಲ. ಗುಟ್ಟು ಸೋರುತ್ತಿದ್ದದ್ದು ಎಲ್ಲಿಂದ ಎಂದು ಹಿಡಿಯಲು ಅವರು ಕ್ಲುಪ್ಕೊವನ್ನೇ ಬಲೆ ಮಾಡಿದ್ದರು. ಒಂದೇ ಬೋರ್ಡು ಒಬ್ಬೊಬ್ಬರಿಗೆ ಒಂದೊಂದು ಬಗೆಯಲ್ಲಿ ಕಾಣುವಂತೆ ಮಾಡಲು ಅದರಲ್ಲಿ ಬರುತ್ತದೆ. ಗ್ರೋಜ್ದಾನಾಗೆ ಕಂಡ ಕೊನೆಯಲ್ಲಿ ಕೊಲೆಗಾರ ಪಾದ್ರಿ. ಬೇರೊಬ್ಬರಿಗೆ ಕಂಡದ್ದರಲ್ಲಿ ಅಂಬಿಗನ ಹೆಂಡತಿ. ಪತ್ರಿಕೆಯಲ್ಲಿ ಯಾವುದು ಬಂದೀತೋ ಅದು ಯಾರಿಗೆ ಕಂಡಿತ್ತೋ ಅವರೇ ಕಳ್ಳರು. ಪಾತ್ರಗಳ ಮುಂದೆ ಬೋನು ಇಡುವುದರಲ್ಲಿ ಕೈ ಪಳಗಿದವರು ಮೇಷ್ಟ್ರು. ಇದೊಂದು ಸಲ ನಿಜದ ಮನುಷ್ಯರ ಮುಂದೆ ಇಟ್ಟಿದ್ದರು.

ಆ ಬುದ್ಧಿಗೆ ದೆಸಾಂಕಾ ಒಳಗೊಳಗೇ ತಲೆದೂಗಿದಳು. ಇಲಾಖೆಯಲ್ಲಿ ಯಾರಿಗೂ ಹೊಳೆಯದ ಉಪಾಯ. ಆಮೇಲೆ, ತಲೆದೂಗುತ್ತಿದ್ದಂತೆಯೇ, ಅವಳಿಗೊಂದು ನೆನಪಾಯಿತು. ಅಂಬಿಗನ ಹೆಂಡತಿಯ ಕಾರ್ಡನ್ನು ಪತ್ರಿಕೆಯಲ್ಲಿ ಬರುವ ಮುನ್ನವೇ ಅವಳು ಓದಿದ್ದಳು. ಎಲ್ಲರೂ ಓದಿರುತ್ತಾರೆ ಎಂದುಕೊಂಡಿದ್ದಳು.

"ಸೆನ್ಕಾ," ಎಂದಳು. "ಅದು ಯಾರಿಗೆ ಕಾಣೋ ಹಾಗೆ ಹಾಕಿದ್ರಿ?"

"ನಿಮಗೊಬ್ಬರಿಗೇ."

ದೆಸಾಂಕಾ ಕುರ್ಚಿ ಎಳೆದುಕೊಂಡು ಕೂತಳು.

ಹುಡುಗಿ ತಡೆತಡೆದು ಹೇಳಿದಳು. ಪೊಲೀಸರಿಗೆ ಹೇಳೋಣವೆಂದರೆ ಕೇಸು ಹಿಡಿದ ಇನ್‌ಸ್ಪೆಕ್ಟರು ದೆಸಾಂಕಾಳ ಕೈಕೆಳಗೆ ಕಲಿತವನು. ಯಾರ ಹತ್ತಿರ ಹೋಗುವುದು? ಅಷ್ಟರಲ್ಲಿ ಅತ್ತೆ ತಾನಾಗಿಯೇ ಬಂದು ಕಾಪಾಡುತ್ತೇನೆಂದಳು. ಅದು ಕೈಯೋ ಬಲೆಯೋ ತಿಳಿಯದೆ, ಇಷ್ಟು ದಿನ ಪಕ್ಕದಲ್ಲಿ ಕೂತು ನೋಡುತ್ತಲೇ ಇದ್ದಳು. ವುಕಾನನಿಗೆ ಕಥೆ ಬರೆದುಕೊಟ್ಟದ್ದೂ ಅವನು ಎಲ್ಲಿದ್ದನೆಂದು ದೆಸಾಂಕಾಗೆ ತಿಳಿಯದಿರಲೆಂದೇ. ಆ ಸಂಜೆ ಮೇಷ್ಟ್ರು ಅವನನ್ನು ಕಾವಲಿಗೆ ಕಳಿಸಿದ್ದು ದೆಸಾಂಕಾಳ ಮನೆಯ ಎದುರಿನ ಬೀದಿಗೆ. ಅವನು ಕಣ್ಣಾರೆ ಕಂಡದ್ದು ಅವಳ ಬಾಲ್ಕನಿ: ಹೊಸ ಕಾಯಿ ಸುಡುತ್ತ, ಹಿಂದಿನ ದಿನದ್ದನ್ನು ಜಾಡಿಗೆ ತುಂಬುತ್ತ ನಿಂತ ಹೆಂಗಸು.

"ಹಾಗಾದ್ರೆ ಅವನಿಗೇ ಗೊತ್ತು ನಾನು ಮನೆಯಲ್ಲಿದ್ದೆ ಅಂತ," ಎಂದಳು ದೆಸಾಂಕಾ. "ಮೇಷ್ಟ್ರು ಬೀಳೋ ಹೊತ್ತಿಗೆ ನಾನು ಬಾಲ್ಕನಿ ಬಿಟ್ಟು ಅಲ್ಲಾಡ್ಲಿಲ್ಲ. ಪತ್ರಿಕೆಯವರ ಜೊತೆ ಮಾತಾಡಿದ್ದೂ ಇಲ್ಲ. ಒಬ್ಬಳೇ ಇದ್ದೆ, ಮಗಾ. ಇಸ್ಕ್ರಾನೂ ಆಟಕ್ಕೆ ಹೋಗಿದ್ಲು. ಮನೇಲಿ ಬೇರೆ ಒಂದು ಹುಳ ಇರ್ಲಿಲ್ಲ."

ಸೆನ್ಕಾ ಅವಳನ್ನು ನೋಡಿದಳು. ಬೆಳಗಿನಿಂದ ಆ ಕಣ್ಣುಗಳಲ್ಲಿದ್ದ ಅನುಮಾನ ಆಗ ಕರಗಿತು. ಅದರ ಜಾಗದಲ್ಲಿ ಬಂದದ್ದು ಮರುಕ. ಅನುಮಾನಕ್ಕಿಂತ ಅದೇ ಕೆಟ್ಟದಾಗಿತ್ತು.

ಅವಳು ಕಾರ್ಡಿಗೆ ಇನ್ನೊಂದು ಸಾಲು ಸೇರಿಸಿದಳು. ದೆಸಾಂಕಾಳ ಕೆಂಪು ಎಳೆ ಬಾಲ್ಕನಿಯಲ್ಲಿ ನಿಂತಿತ್ತು. ಅದರ ಒಳಗೆ, ಗಾಜಿನ ಬಾಗಿಲಿನ ಆಚೆ, ಹೆಸರಿಲ್ಲದ ಬೂದು ಎಳೆಯೊಂದು ಮೂಡಿ ಜೋತುಬಿತ್ತು.

"ಅತ್ತೆ, ನೀವು ಬೆನ್ನು ಹಾಕಿ ಒಲೆ ಮುಂದೆ ನಿಂತಿದ್ರಿ," ಎಂದಳು. "ಒಳಗೆ ನಿಮ್ಮ ಕಂಪ್ಯೂಟರ್ ಮುಂದೆ ಯಾರೋ ಒಬ್ಬ ಹುಡುಗಿ ಕೂತಿದ್ದನ್ನ ವುಕಾನ್ ನೋಡಿದಾನೆ."